ಬಣ್ಣ ಮರಳಿಸುವ ವಿದ್ಯೆ

ಅಟ್ಟದಿಂದಿಳಿದ ಪ್ಲೇಸ್ಟೇಷನ್ ಹೊಸ ಟಿವಿಯಲ್ಲಿ ಕಪ್ಪು-ಬಿಳುಪಾಗಿ ಮೂಡಿತೆಂದು ಅದನ್ನು ಗುಜರಿಗೆ ಹಾಕಬೇಡಿ. ಅದರೊಳಗಿನ ಗಡಿಯಾರಕ್ಕೂ ಗೋಡೆಯ ಪರದೆಗೂ ಒಪ್ಪಂದ ತಪ್ಪಿದೆ, ಅಷ್ಟೆ. ಆ ಒಪ್ಪಂದವನ್ನು ಮರಳಿ ಕೂಡಿಸುವ ವಿದ್ಯೆ ನಮ್ಮ ಗಲ್ಲಿಗಳ ರಿಪೇರಿ ಅಂಗಡಿಗಳಲ್ಲಿದೆ. ಕೈಯಲ್ಲಿರುವ ಆ ವಿದ್ಯೆ ಕಾಗದಕ್ಕೆ ಇಳಿಯಬೇಕಾದ ಕಾಲವಿದು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಪಶ್ಚಿಮಕ್ಕೆ ಹಬ್ಬಿರುವ ಓಕಳಿಪುರದಲ್ಲಿ, ಹಳಿಗಳ ಮೇಲೆ ಉರುಳುವ ಗಾಲಿಗಳ ಸದ್ದು ಹೆಚ್ಚು ಹೊತ್ತು ನಿಲ್ಲದ ಒಂದು ಓಣಿಯ ಮನೆಯೊಳಗೆ, ಪರೀಕ್ಷೆ ಮುಗಿಸಿದ ಮಕ್ಕಳು ಅಟ್ಟದ ಮೇಲಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸುತ್ತಾರೆ. ಅದರೊಳಗೆ, ಅವರ ತಂದೆ ತಾನು ಹುಡುಗನಾಗಿದ್ದಾಗ ಆಡಿದ ಬೂದುಬಣ್ಣದ ಪ್ಲೇಸ್ಟೇಷನ್.

ಹಳದಿ, ಬಿಳಿ, ಕೆಂಪು ತುದಿಗಳ ಕೇಬಲು ಗೋಡೆಯ ಮೇಲಿನ ತೆಳು ಟಿವಿಗೆ ಸೇರುತ್ತದೆ. ಮುಚ್ಚಳದ ಕೆಳಗೆ ತಟ್ಟೆ ತಿರುಗತೊಡಗುತ್ತದೆ. ಬಿಳಿಯ ಹಿನ್ನೆಲೆಯಲ್ಲಿ ಕಿತ್ತಳೆ ವರ್ಣದ ಲಾಂಛನ ಥಳಥಳಿಸಿ ಮೂಡುತ್ತದೆ. ಮಕ್ಕಳ ಹರ್ಷೋದ್ಗಾರ ಮುಗಿಯುವ ಮುನ್ನವೇ ಆಟ ಆರಂಭವಾಗಿ, ಬಣ್ಣವೆಲ್ಲವೂ ಒಮ್ಮೆಗೇ ಬಸಿದುಹೋಗಿ, ಕಾರುಗಳೂ ರಸ್ತೆಗಳೂ ಆಕಾಶವೂ ಬೂದಿಯ ಛಾಯೆಗಳಾಗಿ ಉಳಿಯುತ್ತವೆ.

ಬಹುತೇಕ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿದು, ಯಂತ್ರ ಕೆಟ್ಟಿದೆಯೆಂಬ ತೀರ್ಪಿನೊಡನೆ ಪೆಟ್ಟಿಗೆ ಗುಜರಿಯವನ ಗಾಡಿ ಸೇರುತ್ತದೆ. ಆದರೆ ಆ ಕಿತ್ತಳೆ ಲಾಂಛನವು ಬಣ್ಣದಲ್ಲಿಯೇ ಮೂಡಿತೆಂಬುದನ್ನು ಗಮನಿಸಿದವನಿಗೆ ರೋಗದ ಮೂಲ ಆಗಲೇ ಅರ್ಧ ತಿಳಿದಂತಾಯಿತು: ಬಣ್ಣವನ್ನು ರಚಿಸುವ ಅಂಗವೂ, ಕೇಬಲೂ, ಟಿವಿಯೂ ಸ್ವಸ್ಥವಾಗಿವೆ, ಲಾಂಛನ ಮರೆಯಾಗಿ ಆಟ ಬಂದ ಆ ಕ್ಷಣದಲ್ಲಿ ಯಾವುದು ಬದಲಾಯಿತೋ ಅದನ್ನೇ ಹುಡುಕತಕ್ಕದ್ದು.

ಎರಡು ಲೋಕ, ಎರಡು ಕಾಲಮಾನ

ಟಿವಿಯ ಚಿತ್ರವು ಮೂಲತಃ ಕಾಲದ ಲೆಕ್ಕ. ಒಂದೇ ತಂತಿಯಲ್ಲಿ ಎಡೆಬಿಡದೆ ಹರಿದುಬರುವ ವಿದ್ಯುತ್ತಿನ ಏರಿಳಿತದಲ್ಲಿ ಯಾವ ಕ್ಷಣಕ್ಕೆ ಒಂದು ಗೆರೆ ಮುಗಿಯುತ್ತದೆ, ಯಾವ ಕ್ಷಣಕ್ಕೆ ಇಡೀ ಪರದೆ ತುಂಬುತ್ತದೆ, ಬಣ್ಣದ ಸಮಾಚಾರ ಯಾವ ಆವರ್ತನದ ಮೇಲೆ ಕುಳಿತು ಬರುತ್ತದೆ ಎಂಬುದನ್ನು ಕಳುಹಿಸುವವನೂ ಸ್ವೀಕರಿಸುವವನೂ ಮೊದಲೇ ಒಪ್ಪಿಕೊಂಡಿರಬೇಕು.

ನಮ್ಮ ದೇಶದಲ್ಲಿ ಆ ಒಪ್ಪಂದವನ್ನು ಮನೆಮನೆಗೆ ತಂದದ್ದು ದೂರದರ್ಶನ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾದ ಪ್ರಸಾರವು 1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರದವರೆಗೆ ಬಂದಿತು. ಮರುವರ್ಷದ ಸ್ವಾತಂತ್ರ್ಯೋತ್ಸವ ಹಾಗೂ ಏಷ್ಯನ್ ಕ್ರೀಡಾಕೂಟಗಳೊಡನೆ ಚಿತ್ರಕ್ಕೆ ಬಣ್ಣ ಬಂದಿತು. ಆ ಬಣ್ಣಕ್ಕಾಗಿ ಭಾರತವು ಆರಿಸಿಕೊಂಡ ಪದ್ಧತಿ, ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯಲ್ಲಿ ವಾಲ್ಟರ್ ಬ್ರೂಖ್ ರೂಪಿಸಿದ 'ಪಾಲ್'.

ಅಮೆರಿಕ ಮತ್ತು ಜಪಾನುಗಳು ಅಷ್ಟರಲ್ಲಾಗಲೇ ಬೇರೊಂದು ದಾರಿಯಲ್ಲಿ ಬಹುದೂರ ಸಾಗಿದ್ದವು. ಅಮೆರಿಕವು 1953ರಲ್ಲಿಯೇ ಅಂಗೀಕರಿಸಿದ ಬಣ್ಣದ ಪದ್ಧತಿ 'ಎನ್‌ಟಿಎಸ್‌ಸಿ'; ಅಲ್ಲಿಯ ಮನೆಯ ವಿದ್ಯುತ್ತು ಸೆಕೆಂಡಿಗೆ 60 ಬಾರಿ ತಿರುಗುವುದರಿಂದ ಪರದೆಯೂ ಸುಮಾರು 60 ಬಾರಿ ತುಂಬುವಂತೆ ಅದನ್ನು ರಚಿಸಿದ್ದರು; ವಿದ್ಯುತ್ತು 50 ಬಾರಿ ತಿರುಗುವ ಯುರೋಪು ಮತ್ತು ಭಾರತಗಳಲ್ಲಿ ಪರದೆಯೂ 50ರ ಲೆಕ್ಕಕ್ಕೆ ಒಗ್ಗಿತು.

ಮಲ್ಲೇಶ್ವರ, ಬಸವನಗುಡಿಗಳ ಅನೇಕ ಕುಟುಂಬಗಳಿಗೆ ಈ ಭೇದದ ಮೊದಲ ಪರಿಚಯವಾದದ್ದು ಆಟದಿಂದಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಕಳುಹಿಸಿದ ಸೀಮಂತ, ನಾಮಕರಣಗಳ ವೀಡಿಯೊ ಕ್ಯಾಸೆಟ್ಟು ಇಲ್ಲಿಯ ಯಂತ್ರದಲ್ಲಿ ಮುಖ ತೋರಿಸಲೊಲ್ಲದೆ ಗೆರೆಗೆರೆಯಾಗಿ ಉರುಳಿದಾಗ. ಎರಡೂ ಪದ್ಧತಿಗಳನ್ನು ಬಲ್ಲ 'ಮಲ್ಟಿ ಸಿಸ್ಟಮ್' ಯಂತ್ರಗಳು ರಿಪೇರಿ ಅಂಗಡಿಗಳಿಗೆ ಬಂದದ್ದು, ಅವುಗಳ ಒಳಗುಟ್ಟನ್ನು ಮೆಕ್ಯಾನಿಕ್ಕುಗಳು ಕಲಿತದ್ದು ಇಂತಹ ಅಗತ್ಯಗಳಿಂದಲೇ.

> ಒಂದು ನೋಟದಲ್ಲಿ ಎರಡು ಪದ್ಧತಿ
>
> ಪಾಲ್ (ಭಾರತ, ಯುರೋಪಿನ ಬಹುಭಾಗ): 625 ಗೆರೆ, ಸೆಕೆಂಡಿಗೆ 50 ಬಾರಿ ಪರದೆ ತುಂಬುತ್ತದೆ, ಬಣ್ಣದ ಉಪವಾಹಕ ತರಂಗ 4.43361875 ಮೆಗಾಹರ್ಟ್ಸ್.
>
> ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್): 525 ಗೆರೆ, ಸೆಕೆಂಡಿಗೆ 59.94 ಬಾರಿ, ಉಪವಾಹಕ 3.579545 ಮೆಗಾಹರ್ಟ್ಸ್.
>
> ಪರಿಣಾಮ: 60ರ ಗತಿಗೆ ರಚಿಸಿದ ಆಟವನ್ನು ಏನನ್ನೂ ತಿದ್ದದೆ 50ರ ಗತಿಯಲ್ಲಿ ಓಡಿಸಿದರೆ ಅದರ ವೇಗದಲ್ಲಿ ಆರನೆಯ ಒಂದು ಪಾಲು ಕುಂದುತ್ತದೆ.

ಆಂಟೆನಾ ಕಿಂಡಿಯಿಂದ ಬಂದ ಅತಿಥಿ

1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆಯ 'ಫ್ಯಾಮಿಲಿ ಕಂಪ್ಯೂಟರ್' ಮಾರಾಟಕ್ಕೆ ಬಂದಾಗ ಅದಕ್ಕೆ ಇದ್ದ ಹೊರದಾರಿ ಒಂದೇ: ತನ್ನ ಚಿತ್ರವನ್ನು ಪುಟ್ಟದೊಂದು ಪ್ರಸಾರ ಕೇಂದ್ರದಂತೆ ಟಿವಿಯ ಆಂಟೆನಾ ಕಿಂಡಿಗೆ ಕಳುಹಿಸುವುದು. ಇಲ್ಲಿ ಆ ಯಂತ್ರವು 'ಸಮುರಾಯ್' ಎಂಬ ಹೆಸರಿನಿಂದಲೂ, ಅದರ ತದ್ರೂಪುಗಳು ಬೇರೆ ಬೇರೆ ಹೆಸರುಗಳಿಂದಲೂ ಮಾರಾಟವಾದವು.

ತೊಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ ಟಿವಿಯ ಚಾನೆಲ್ಲನ್ನು ಮೂರಕ್ಕೋ ನಾಲ್ಕಕ್ಕೋ ತಿರುಗಿಸಿ, ಟ್ಯೂನರಿನ ಪುಟ್ಟ ಚಕ್ರವನ್ನು ಬೆರಳ ತುದಿಯಿಂದ ಕದಲಿಸುತ್ತ, ಮಂಜಿನೊಳಗಿಂದ ಮಾರಿಯೊ ಮೆಲ್ಲನೆ ಸ್ಪಷ್ಟವಾಗುವುದನ್ನು ಉಸಿರು ಬಿಗಿಹಿಡಿದು ಕಾದ ಮಕ್ಕಳಿಗೆ ಲೆಕ್ಕವಿಲ್ಲ. ಆ ತದ್ರೂಪುಗಳಲ್ಲಿ ಬಣ್ಣದ ತೊಡಕು ಅಷ್ಟಾಗಿ ಕಾಣದಿರುವುದಕ್ಕೂ ಕಾರಣವಿದೆ: ತೈವಾನಿನ ಯುಎಂಸಿ ಮೊದಲಾದ ಕಾರ್ಖಾನೆಗಳು ಪಾಲ್ ಟಿವಿಗೆ ಒಪ್ಪುವ ಚಿತ್ರಚಿಪ್ಪನ್ನೇ ಪ್ರತ್ಯೇಕವಾಗಿ ಅಚ್ಚುಹಾಕಿದ್ದವು. ಒಪ್ಪಂದವು ಕಾರ್ಖಾನೆಯಲ್ಲಿಯೇ ಏರ್ಪಟ್ಟಿತ್ತು.

ಅಧಿಕೃತ ಮಾರ್ಗವು ಮಧ್ಯಮವರ್ಗಕ್ಕೆ ಎಟುಕುವಂತಿರಲಿಲ್ಲ. 1995ರಲ್ಲಿ ಶಾ ವಾಲೇಸ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದ ಸೆಗಾ ಮೆಗಾ ಡ್ರೈವ್‌ನ ಬೆಲೆ 18,000 ರೂಪಾಯಿ; ಆಮದು ಸುಂಕವೇ ಶೇ 80ರಷ್ಟಿದ್ದ ಕಾಲವದು. ಹೀಗಿರಲು, ಓಕಳಿಪುರದಿಂದ ನಡೆದೇ ಹೋಗಬಹುದಾದ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಂತಹ ಪೇಟೆಗಳು ವಿದೇಶಿ ಯಂತ್ರಗಳನ್ನು ಅರಸುವವರ ನೆಲೆಯಾದುದರಲ್ಲಿ ಆಶ್ಚರ್ಯವೇನಿಲ್ಲ.

ಚಿಪ್ಪು ತೆರೆದ ಬಾಗಿಲು

1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆಯಾಗಿ, ಮುಂದೆ 10 ಕೋಟಿಗೂ ಮಿಕ್ಕ ಸಂಖ್ಯೆಯಲ್ಲಿ ಲೋಕವನ್ನು ತುಂಬಿದ ಪ್ಲೇಸ್ಟೇಷನ್ನು ತನ್ನ ತಟ್ಟೆಗಳನ್ನು ಪ್ರಾಂತಗಳಾಗಿ ವಿಭಜಿಸಿಕೊಂಡಿತ್ತು. ತಟ್ಟೆಯ ಆರಂಭದ ಸುರುಳಿಯಲ್ಲಿ, ಸಾಮಾನ್ಯ ನಕಲು ಯಂತ್ರಕ್ಕೆ ಬರೆಯಲಾಗದ ಸೂಕ್ಷ್ಮವಾದ ಅಲುಗಾಟವೊಂದರ ರೂಪದಲ್ಲಿ ನಾಲ್ಕು ಅಕ್ಷರಗಳ ಗುರುತು ಅಡಗಿತ್ತು: ಜಪಾನಿಗೆ 'ಎಸ್‌ಸಿಇಐ', ಅಮೆರಿಕಕ್ಕೆ 'ಎಸ್‌ಸಿಇಎ', ಯುರೋಪಿಗೆ 'ಎಸ್‌ಸಿಇಇ'. ತನ್ನ ಪ್ರಾಂತದ ಗುರುತು ಕಾಣದ ಯಂತ್ರವು ತಟ್ಟೆಯನ್ನು ಓಡಿಸುತ್ತಿರಲಿಲ್ಲ.

ಆ ಗುರುತನ್ನು ತಟ್ಟೆಯ ಬದಲಾಗಿ ತಾನೇ ಉಚ್ಚರಿಸುವ ಪುಟ್ಟ ಚಿಪ್ಪೊಂದನ್ನು ಕೆಲವೇ ತಂತಿಗಳಿಂದ ಒಳಫಲಕಕ್ಕೆ ಬೆಸೆಯುವ ಕೆಲಸವೇ 'ಮಾಡ್ ಚಿಪ್ಪು' ಹಾಕುವುದು. ಚಿಪ್ಪು ಕುಳಿತ ಮೇಲೆ ಜಪಾನು, ಅಮೆರಿಕ, ಯುರೋಪುಗಳ ಗಡಿ ಅಳಿಸಿಹೋಗಿ ಯಾವ ದೇಶದ ತಟ್ಟೆಯಾದರೂ ಓಡುವಂತಾಯಿತು. ನಕಲು ತಟ್ಟೆಗಳಿಗೂ ಅದೇ ಬಾಗಿಲು ತೆರೆಯಿತೆಂಬುದೂ ಸತ್ಯವೇ.

ಆದರೆ ಆ ಚಿಪ್ಪು ಬದಲಾಯಿಸಿದ್ದು ಬಾಗಿಲಿನ ಬೀಗವನ್ನು ಮಾತ್ರ. ಮನೆಯೊಳಗಿನ ಗಡಿಯಾರ ಮೊದಲಿದ್ದಂತೆಯೇ ಓಡುತ್ತಿತ್ತು. ಯುರೋಪಿಗೆಂದು ತಯಾರಾದ ಯಂತ್ರದಲ್ಲಿ ಅಮೆರಿಕದ ತಟ್ಟೆ ಹಾಕಿದಾಗ ಬಣ್ಣ ಬಸಿದುಹೋಗುವ ರಹಸ್ಯವೆಲ್ಲವೂ ಆ ಗಡಿಯಾರದಲ್ಲಿದೆ.

ಒಂದು ಹರಳು, ಎರಡು ಭಾಗಾಕಾರ

ಪಾಲ್ ಪ್ಲೇಸ್ಟೇಷನ್ನಿನ ಚಿತ್ರಚಿಪ್ಪಿಗೆ, ಗಡಿಯಾರದ ಕೆಲಸ ಮಾಡುವ ಸ್ಫಟಿಕದ ಹರಳಿನಿಂದ 53.203425 ಮೆಗಾಹರ್ಟ್ಸ್ ಗತಿಯ ಮಿಡಿತ ದೊರೆಯುತ್ತದೆ. ಅದನ್ನು 12ರಿಂದ ಭಾಗಿಸಿದರೆ 4.43361875, ಅಂದರೆ ಪಾಲ್ ಬಣ್ಣದ ಕರಾರುವಾಕ್ಕಾದ ಸಂಖ್ಯೆ. ಎನ್‌ಟಿಎಸ್‌ಸಿ ಯಂತ್ರದಲ್ಲಿ ಮಿಡಿತ 53.693175, ಅದನ್ನು 15ರಿಂದ ಭಾಗಿಸಿದರೆ 3.579545, ಆ ಪದ್ಧತಿಯ ಕರಾರುವಾಕ್ಕಾದ ಸಂಖ್ಯೆ. ಎರಡು ಲೆಕ್ಕಗಳೂ ತಮ್ಮ ತಮ್ಮ ಮನೆಯಲ್ಲಿ ನಿರ್ದುಷ್ಟ.

ಆರಂಭದ ಲಾಂಛನವನ್ನು ಯಂತ್ರವು ತನ್ನ ಸ್ವಂತ ಪದ್ಧತಿಯಲ್ಲಿಯೇ ತೋರಿಸುವುದರಿಂದ ಅದಕ್ಕೆ ಬಣ್ಣವಿರುತ್ತದೆ. ತರುವಾಯ ಅಮೆರಿಕದ ಆಟವು ಎನ್‌ಟಿಎಸ್‌ಸಿ ಬೇಕೆಂದು ಆಜ್ಞಾಪಿಸಿದೊಡನೆ ಚಿಪ್ಪು ವಿಧೇಯವಾಗಿ 15ರಿಂದ ಭಾಗಿಸತೊಡಗುತ್ತದೆ; ಆದರೆ ಅದಕ್ಕೆ ದೊರೆತಿರುವುದು ಪಾಲ್ ಹರಳಿನ ಮಿಡಿತವಾದಕಾರಣ ಭಾಗಲಬ್ಧವು 3.579545ರ ಬದಲು ಸುಮಾರು 3.5469 ಆಗುತ್ತದೆ.

ವ್ಯತ್ಯಾಸ ಶೇಕಡಾ ಒಂದಕ್ಕೂ ಕಡಮೆ. ಆದರೂ ತಂಬೂರಿಯ ಶ್ರುತಿಗೆ ಕೂದಲೆಳೆಯಷ್ಟು ತಪ್ಪಿದ ವೀಣೆಯನ್ನು ಚಾಮರಾಜಪೇಟೆಯ ರಾಮನವಮಿ ಕಛೇರಿಯ ರಸಿಕನ ಕಿವಿ ಹೇಗೆ ಸಹಿಸಲಾರದೋ, ಹಾಗೆಯೇ ಟಿವಿಯೊಳಗಿನ ಬಣ್ಣದ ಮಂಡಲವೂ ಆ ಅಂತರವನ್ನು ಸಹಿಸಲಾರದು. ಅದು ಹಿಡಿಯಬಲ್ಲ ಅಂತರ ಕೆಲವು ನೂರು ಹರ್ಟ್ಸ್‌ಗಳ ಆಸುಪಾಸಿನದು. ಇಲ್ಲಿ ಬಂದಿರುವ ಅಂತರ 32,000 ಹರ್ಟ್ಸ್‌ಗೂ ಹೆಚ್ಚು.

ತಪ್ಪು ಬಣ್ಣ ತೋರಿಸುವುದಕ್ಕಿಂತ ಬಣ್ಣವನ್ನೇ ತೋರಿಸದಿರುವುದು ಲೇಸೆಂಬ ನ್ಯಾಯದಿಂದ, ಮೆಕ್ಯಾನಿಕ್ಕುಗಳು 'ಕಲರ್ ಕಿಲ್ಲರ್' ಎಂದು ಕರೆಯುವ ಟಿವಿಯ ರಕ್ಷಣಾಮಂಡಲವು ಆಗ ಬಣ್ಣವನ್ನು ಪೂರ್ತಿಯಾಗಿ ಆರಿಸಿಬಿಡುತ್ತದೆ. ಓಕಳಿಪುರದ ಆ ಮನೆಯಲ್ಲಿ ಕಂಡ ಬೂದು ಚಿತ್ರ ಇದರ ಫಲ. ಯಂತ್ರ ತನಗೆ ಹೇಳಿದ್ದನ್ನು ಮಾಡಿತು, ಟಿವಿ ತನ್ನ ಧರ್ಮವನ್ನು ಪಾಲಿಸಿತು. ನಡುವಿನ ಸಂಖ್ಯೆ ಮಾತ್ರ ಇಬ್ಬರದೂ ಆಗಿರಲಿಲ್ಲ.

ಗಲ್ಲಿಯ ಚಿಕಿತ್ಸೆ

ಬಿಡಿಭಾಗಗಳ ಭಂಡಾರವಾದ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ನಿಂತು 'ಹರಳು' ಎಂದು ಕೇಳುವ ಬದಲು 'ಕ್ರಿಸ್ಟಲ್' ಎಂದು ಕೇಳಿದರೆ ತಗಡಿನ ಕೋಶದೊಳಗಿನ ಆ ಸ್ಫಟಿಕ ಕೈಗೆ ಬರುತ್ತದೆ. ಮೊದಲನೆಯ ಚಿಕಿತ್ಸೆ ಅದೇ: ಬಣ್ಣದ ಸಂಕೇತವನ್ನು ಹೆಣೆಯುವ ಚಿಪ್ಪಿಗೆ ಸರಿಯಾದ ಆವರ್ತನವನ್ನು ಪ್ರತ್ಯೇಕವಾಗಿ ಒದಗಿಸುವುದು.

ಅಲ್ಲಿ 3.579545ರ ಆಂದೋಲಕವನ್ನು ಕೂಡಿಸಿದರೆ ಎನ್‌ಟಿಎಸ್‌ಸಿ ಬಣ್ಣ ದೊರೆಯುತ್ತದೆ, 4.43361875ರದನ್ನು ಕೂಡಿಸಿ ಆ ಚಿಪ್ಪನ್ನು ಪಾಲ್ ವಿಧಾನದಲ್ಲಿಯೇ ನಿಲ್ಲಿಸಿದರೆ ಗತಿ 60, ಬಣ್ಣ ಪಾಲ್ ಆದ 'ಪಾಲ್-60' ಎಂಬ ಮಿಶ್ರಪದ್ಧತಿ ಹುಟ್ಟುತ್ತದೆ. ಇಂತಹ ಮಿಶ್ರಣವನ್ನು ಯಾವ ಪ್ರಸಾರ ಕೇಂದ್ರವೂ ನಿಯಮಿತವಾಗಿ ಕಳುಹಿಸಿದ್ದಿಲ್ಲ. ಆದರೂ ಅದನ್ನು ಒಪ್ಪುವ ಟಿವಿಗಳು ಹೇರಳವಾಗಿದ್ದುದರಿಂದ ಆಟದ ಲೋಕದಲ್ಲಿ ಅದು ನೆಲೆಯೂರಿತು.

ಎರಡನೆಯದು ಮೂಲಕ್ಕೇ ಕೈಹಾಕುವ ಚಿಕಿತ್ಸೆ. ಆಟ ಕೇಳಿದ ಪದ್ಧತಿಯನ್ನು ಗಮನಿಸಿ, 53.203425 ಮತ್ತು 53.693175ಗಳಲ್ಲಿ ತಕ್ಕ ಮಿಡಿತವನ್ನು ತಾನೇ ಆರಿಸಿ ಕೊಡುವ ದ್ವಿ-ಆವರ್ತನ ಆಂದೋಲಕದ ಪುಟ್ಟ ಫಲಕವನ್ನು ಈಚಿನ ವರ್ಷಗಳಲ್ಲಿ ಹವ್ಯಾಸಿಗಳು ರೂಪಿಸಿದ್ದಾರೆ. ಇದರಿಂದ ಬಣ್ಣದ ಜತೆಗೆ, ತಪ್ಪು ಮಿಡಿತದಿಂದ ತುಸು ನಿಧಾನವಾಗಿದ್ದ ಆಟದ ಗತಿಯೂ ಸರಿಹೋಗುತ್ತದೆ.

ಮೂರನೆಯದರಲ್ಲಿ ಬೆಸುಗೆಯ ಕಡ್ಡಿಯನ್ನೇ ಮುಟ್ಟಬೇಕಾಗಿಲ್ಲ. ಕೆಂಪು, ಹಸಿರು, ನೀಲಿಗಳನ್ನು ಮೂರು ಬೇರೆ ತಂತಿಗಳಲ್ಲಿ ಹೊರಗೆ ಕಳುಹಿಸುವ ಸಾಮರ್ಥ್ಯ ಪ್ಲೇಸ್ಟೇಷನ್ನಿನ ಹಿಂಬದಿಯ ಕಿಂಡಿಗೆ ಹುಟ್ಟಿನಿಂದಲೇ ಇದೆ. ಬಣ್ಣಗಳು ಬೇರೆಬೇರೆಯಾಗಿ ಹೊರಟ ಮೇಲೆ ಅವನ್ನು ಹೊರುವ ಉಪವಾಹಕ ತರಂಗವೇ ಬೇಡವಾಗುವುದರಿಂದ ಅದರ ದೋಷವೂ ಇಲ್ಲವಾಗುತ್ತದೆ. ಎಸ್-ವೀಡಿಯೊ ಕೇಬಲಿನಿಂದ ಈ ಫಲ ಸಿಗದು, ಏಕೆಂದರೆ ಅದು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸಿದರೂ ಬಣ್ಣವು ಅದೇ ತಪ್ಪಿದ ಉಪವಾಹಕದ ಮೇಲೆಯೇ ಸವಾರಿ ಮಾಡುತ್ತದೆ.

ಯುರೋಪಿನ ಮನೆಗಳಲ್ಲಿ ಸ್ಕಾರ್ಟ್ ಎಂಬ ಅಗಲವಾದ ಕಿಂಡಿ ಈ ಮೂರು ತಂತಿಗಳನ್ನು ಸ್ವಾಗತಿಸುತ್ತಿತ್ತು. ನಮ್ಮ ಟಿವಿಗಳಲ್ಲಿ ಅದು ಅಪರೂಪ. ಆದಕಾರಣ ಇಲ್ಲಿಯವರು ಆ ಸಂಕೇತವನ್ನು ಟಿವಿಯ ಕಾಂಪೊನೆಂಟ್ ಕಿಂಡಿಗೆ ಒಪ್ಪುವಂತೆ ಮಾರ್ಪಡಿಸುವ ಪುಟ್ಟ ಪರಿವರ್ತಕವನ್ನು ನಡುವೆ ಇಡಬೇಕಾಗುತ್ತದೆ.

> ತೆರೆಯುವ ಮುನ್ನ
>
> ವೋಲ್ಟ್ ನೋಡಿ: ಜಪಾನಿನ ಯಂತ್ರಕ್ಕೆ 100, ಅಮೆರಿಕದ ಯಂತ್ರಕ್ಕೆ 120 ವೋಲ್ಟ್ ಸಾಕು, ನಮ್ಮ ಗೋಡೆಯಲ್ಲಿರುವುದು 230. ಹಿಂಬದಿಯ ಚೀಟಿಯನ್ನು ಓದದೆ ಚುಚ್ಚಬೇಡಿ. ಬೇಕಾದಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ.
>
> ಹಳೆಯ ಟಿವಿಯನ್ನು ಬಿಚ್ಚಬೇಡಿ: ಬಣ್ಣದ ಚಿತ್ರನಳಿಕೆಯ ಆನೋಡಿನಲ್ಲಿ 20,000 ವೋಲ್ಟ್‌ಗೂ ಮಿಕ್ಕ ಒತ್ತಡವಿರುತ್ತದೆ, ಆರಿಸಿದ ಮೇಲೂ ಅದು ಉಳಿದಿರಬಹುದು.
>
> ಮೊದಲು ಸೆಟ್ಟಿಂಗ್: ಟಿವಿಯ ಬಣ್ಣಪದ್ಧತಿ 'ಆಟೊ' ಇದ್ದರೆ ಎನ್‌ಟಿಎಸ್‌ಸಿ, ಪಾಲ್-60ಗಳನ್ನು ಒಂದೊಂದಾಗಿ ಕೈಯಾರೆ ಆರಿಸಿ ನೋಡಿ.

ತೆಳು ಪರದೆಯ ಹೊಸ ತೊಡಕು

ಬಣ್ಣ ಮರಳಿದ ಮಾತ್ರಕ್ಕೆ ಇಂದಿನ ಟಿವಿಯೊಡನೆ ಸಂಧಾನ ಪೂರ್ಣವಾಗುವುದಿಲ್ಲ. ಪ್ರಸಾರದ ಚಿತ್ರವು ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಒಮ್ಮೆ ಬಿಡಿಸಿ ಎರಡನ್ನೂ ಹೆಣೆಯುತ್ತಿತ್ತು. ಆಟದ ಯಂತ್ರಗಳಾದರೋ ಹೆಣೆಯುವ ಗೋಜಿಗೆ ಹೋಗದೆ, ಸುಮಾರು 240 ಗೆರೆಗಳ ಇಡೀ ಚಿತ್ರವನ್ನು ಪ್ರತಿ ಬಾರಿಯೂ ಅದೇ ಗೆರೆಗಳ ಮೇಲೆ ಮತ್ತೆ ಬಿಡಿಸುತ್ತಿದ್ದವು. ಹಳೆಯ ಚಿತ್ರನಳಿಕೆಗೆ ಈ ಭೇದದ ಗೊಡವೆಯಿರಲಿಲ್ಲ. ಇಲೆಕ್ಟ್ರಾನ್ ಕಿರಣವು ಕರೆದಲ್ಲಿಗೆ ಹೋಗುತ್ತಿತ್ತು.

ತೆಳು ಟಿವಿಯೊಳಗಿನ ಗಣಕವು ಮಾತ್ರ ಅನೇಕ ವೇಳೆ ಇದನ್ನು ಹೆಣೆದ ಪ್ರಸಾರದ ಚಿತ್ರವೆಂದೇ ಭಾವಿಸಿ, ಬೇರ್ಪಡಿಸಬೇಕಾಗಿಲ್ಲದ್ದನ್ನು ಬೇರ್ಪಡಿಸಲು ಹೊರಡುತ್ತದೆ. ಆಗ ಓಡುವ ಗೊಂಬೆಗಳ ಅಂಚು ಬಾಚಣಿಗೆಯ ಹಲ್ಲಾಗುತ್ತದೆ, ಮಿನುಗಬೇಕಾದ ನೆರಳು ಮಾಯವಾಗುತ್ತದೆ, ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ನೆಗೆತ ಕಾಣುತ್ತದೆ. ಒಂದು ಚಿತ್ರದ ಅವಧಿಯೇ ಸೆಕೆಂಡಿನ 60ನೆಯ ಒಂದು ಭಾಗವಾಗಿರುವ ಆಟದಲ್ಲಿ ಇಂತಹ ಕೆಲವು ಚಿತ್ರಗಳ ವಿಳಂಬ ಗೆಲುವನ್ನು ಸೋಲಾಗಿಸಲು ಸಾಕು.

ಸಣ್ಣ ಬೆಲೆಗೆ ಸಿಗುವ ಎವಿ-ಎಚ್‌ಡಿಎಂಐ ಡಬ್ಬಿಗಳು ಸಾಮಾನ್ಯವಾಗಿ ಇದೇ ತಪ್ಪನ್ನು ಟಿವಿಯ ಹೊರಗೆ ಮಾಡುತ್ತವೆ. ಸರಿಯಾದ ಮಾರ್ಗ, ಬಂದ ಪ್ರತಿಯೊಂದು ಗೆರೆಯನ್ನೂ ಕೂಡಲೇ ಇಮ್ಮಡಿ, ಮುಮ್ಮಡಿ ಮಾಡಿ ಮುಂದೆ ದಾಟಿಸುವ ಸಾಧನ. ಫಿನ್‌ಲೆಂಡಿನ ಮಾರ್ಕುಸ್ ಹೀಯೆನ್ಕಾರಿ ರೂಪಿಸಿ, ಅದರ ರಚನೆಯನ್ನು ಯಾರು ಬೇಕಾದರೂ ನೋಡಿ ಕಲಿಯುವಂತೆ ಮುಕ್ತವಾಗಿಟ್ಟ 'ಓಎಸ್‌ಎಸ್‌ಸಿ'ಯೂ, ಅಮೆರಿಕದ ಮೈಕ್ ಚೀ ಅವರ 'ರೆಟ್ರೋಟಿಂಕ್' ಸಾಧನಗಳೂ ಈ ಮಾರ್ಗದಲ್ಲಿ ಪ್ರಸಿದ್ಧವಾಗಿವೆ.

ಆದರೂ ಕೆಲವು ಆಟಗಳು ಹಳೆಯ ನಳಿಕೆಯನ್ನು ಬಿಟ್ಟು ಬದುಕಲಾರವು. ಬಾತುಕೋಳಿಗೆ ಗುರಿಯಿಡುವ ನಿಂಟೆಂಡೊ ಬಂದೂಕು ಪರದೆಯ ಮೇಲೆ ಬೆಳಕು ಮೂಡುವ ಆ ಕ್ಷಣವನ್ನೇ ನಂಬಿಕೊಂಡಿರುವುದರಿಂದ ತೆಳು ಪರದೆಯ ಮುಂದೆ ಅದು ಕುರುಡಾಗುತ್ತದೆ. ಮನೆಯ ಮೂಲೆಯಲ್ಲಿ ಇನ್ನೂ ಜೀವಂತವಾಗಿರುವ ಗಾಜಿನ ಟಿವಿಯನ್ನು ಕಸವೆಂದು ಎಸೆಯುವ ಮುನ್ನ ಯೋಚಿಸಲು ಇದೂ ಒಂದು ಕಾರಣ.

> ಕಾನೂನು ಏನೆನ್ನುತ್ತದೆ
>
> 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರ ತಿದ್ದುಪಡಿಯಿಂದ ಸೇರಿದ 65ಎ ಪ್ರಕರಣವು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಭೇದಿಸಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡವನ್ನು ವಿಧಿಸುತ್ತದೆ. ಬಣ್ಣದ ಆವರ್ತನವನ್ನು ಸರಿಪಡಿಸುವ ಹರಳು ಯಾವ ಬೀಗವನ್ನೂ ಮುರಿಯುವುದಿಲ್ಲ. ಮಾಡ್ ಚಿಪ್ಪು ಹಾಕುವುದನ್ನೂ ಹರಳು ಕೂಡಿಸುವುದನ್ನೂ ಒಂದೆಂದು ತಿಳಿಯಬಾರದು.

ಮೌನವೇ ದೊಡ್ಡ ದೋಷ

ಇಷ್ಟೆಲ್ಲ ವಿವರಿಸಿದ್ದರ ತಾತ್ಪರ್ಯವೊಂದಿದೆ. ಮಾರ್ಪಟ್ಟ ಯಂತ್ರವೊಂದು ರಿಪೇರಿಯ ಮೇಜಿಗೆ ಬಂದಾಗ ಮೆಕ್ಯಾನಿಕ್ಕಿಗೆ ಎದುರಾಗುವ ನಿಜವಾದ ಕಷ್ಟ ಬೆಸುಗೆಯದಲ್ಲ, ಅಜ್ಞಾನದ್ದು: ಈ ಯಂತ್ರ ಯಾವ ಪ್ರಾಂತದ್ದು, ಇದಕ್ಕೆ ಮಾಡ್ ಚಿಪ್ಪು ಹಾಕಿದ್ದಾರೆಯೆ, ಹರಳನ್ನು ಯಾರಾದರೂ ಬದಲಾಯಿಸಿದ್ದಾರೆಯೆ, ವಿದ್ಯುತ್ ಫಲಕ 120 ವೋಲ್ಟಿನದೆ 230ರದೆ ಎಂಬುದೊಂದೂ ತಿಳಿಯದೆ ಅವನು ಮೊದಲಿನಿಂದ ಶೋಧಿಸಬೇಕು. ಆ ಶೋಧನೆಗೆ ತಗಲುವ ವೇಳೆಯ ಕೂಲಿ ಯಂತ್ರದ ಬೆಲೆಯನ್ನೇ ಮೀರುವುದರಿಂದ, ಗುಣವಾಗಬಹುದಾದ ಯಂತ್ರಗಳು ಗುಜರಿಗೆ ಹೋಗುತ್ತವೆ.

ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜಾಲಹಳ್ಳಿಯಲ್ಲಿ ಕಪ್ಪು-ಬಿಳುಪು ಟಿವಿಗಳ ಚಿತ್ರನಳಿಕೆಗಳನ್ನು ತಯಾರಿಸಿದ ಊರು ಇದು. ಟಿವಿಯ ಒಳಗನ್ನು ಬಲ್ಲ ಕೈಗಳಿಗೆ ಇಲ್ಲಿ ಬರವಿರಲಿಲ್ಲ. ಆ ಕೈಗಳ ಅರಿವು ಬಹುಪಾಲು ಬಾಯಿಂದ ಕಿವಿಗೆ, ಗುರುವಿನ ಮೇಜಿನಿಂದ ಶಿಷ್ಯನ ಮೇಜಿಗೆ ದಾಟಿತೇ ಹೊರತು ಬರಹಕ್ಕಿಳಿಯಲಿಲ್ಲ. ಅಂಗಡಿ ಮುಚ್ಚಿ ಮೊಬೈಲಿನ ವ್ಯಾಪಾರ ಬಂದೆಡೆಯಲ್ಲಿ ಆ ಅರಿವೂ ಅಂಗಡಿಯೊಡನೆ ಮುಚ್ಚಿಹೋಗುತ್ತಿದೆ.

ಪರಿಹಾರ ದುಬಾರಿಯದಲ್ಲ. ಯಂತ್ರವನ್ನು ಮಾರ್ಪಡಿಸಿದ ಪ್ರತಿಯೊಬ್ಬನೂ ಅದರ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಲಿ: ಮೂಲ ಪ್ರಾಂತ, ಈಗಿನ ವೋಲ್ಟು, ಹಾಕಿದ ಚಿಪ್ಪು, ಕೂಡಿಸಿದ ಆವರ್ತನ, ಕೆಲಸ ಮಾಡಿದ ವರ್ಷ. ಐಟಿಐ, ಪಾಲಿಟೆಕ್ನಿಕ್‌ಗಳ ಅಧ್ಯಾಪಕರು ಇನ್ನೂ ನಮ್ಮ ನಡುವೆ ಇರುವ ಹಿರಿಯ ಮೆಕ್ಯಾನಿಕ್ಕುಗಳನ್ನು ತರಗತಿಗೆ ಕರೆದು, ಅವರ ಅನುಭವವನ್ನು ವಿದ್ಯಾರ್ಥಿಗಳಿಂದ ಬರೆಯಿಸಲಿ.

53.203425ನ್ನು 12ರಿಂದ ಭಾಗಿಸಿದರೆ ಬಣ್ಣ ಏಕೆ ಬರುತ್ತದೆ, 15ರಿಂದ ಭಾಗಿಸಿದರೆ ಏಕೆ ಹೋಗುತ್ತದೆ ಎಂಬುದನ್ನು ಕನ್ನಡದಲ್ಲಿ ಓದಿ ತಿಳಿದ ಹುಡುಗ ಅಥವಾ ಹುಡುಗಿಗೆ ಭೌತಶಾಸ್ತ್ರದ ತರಂಗಪಾಠ ಬೇರೆ ವ್ಯಾಖ್ಯಾನವಿಲ್ಲದೆ ಮನದಟ್ಟಾಗುತ್ತದೆ; ಅಂಥವರ ಕೈಗೆ ಬಂದ ಯಂತ್ರಕ್ಕೆ, ಅದು ಯಾವ ದೇಶದಲ್ಲಿ ಹುಟ್ಟಿ ಯಾರ ಮೇಜಿನ ಮೇಲೆ ಮಾರ್ಪಟ್ಟು ಬಂದಿದ್ದರೂ, ತಕ್ಕ ಪರದೆಯನ್ನು ಹುಡುಕಿಕೊಡುವ ಸಾಮರ್ಥ್ಯ ಈ ಊರಿನಲ್ಲಿ ಮುಂದೆಯೂ ಉಳಿಯುತ್ತದೆ.